ಶಿಕಾಗೊ ಚಳಿಯಲ್ಲಿ ಅಂಜೂರ: ಎರಡು ಬಕೆಟ್, ಒಂದು ಗ್ಯಾರೇಜ್, ಒಂದು ಫೋಮ್ ಪೆಟ್ಟಿಗೆ

ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ 2019ರ ಜನವರಿ 30ರಂದು ಉಷ್ಣಾಂಶ ಮೈನಸ್ 31 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಊರಿನ ದಾಖಲೆ ಅದಕ್ಕಿಂತಲೂ ಕೆಳಗಿದೆ: 1985ರ ಜನವರಿ 20ರ ಮೈನಸ್ 33. ಇಲ್ಲಿನ ಪಶ್ಚಿಮದ ಒಂದು ಉಪನಗರದಲ್ಲಿ ಅಂಜೂರ ಬೆಳೆಸುತ್ತೇನೆ ಎಂದಾಗ ಬಳ್ಳಾರಿಯ ನನ್ನ ಸೋದರಮಾವ ಫೋನಿನಲ್ಲಿಯೇ ನಕ್ಕರು. “ಬಿಸಿಲಿಗೆ ಹುಟ್ಟಿದ ಗಿಡವಪ್ಪ ಅದು. ಅದಕ್ಕೆ ಹಿಮ ಏಕೆ ತೋರಿಸುತ್ತೀಯೆ?” ಎಂದರು.

ಅವರ ಪ್ರಶ್ನೆ ಸಹಜವೇ. ಆದರೆ ಹೊಸದಾಗಿ ಶುರುಮಾಡುವವರು ಜನವರಿಗೆ ಹೆದರಿ, ನಿಜವಾಗಿ ಹೆದರಬೇಕಾದ ತಿಂಗಳುಗಳಲ್ಲಿ ಮೈಮರೆಯುತ್ತಾರೆ. ಅಂಜೂರ ಎಲೆ ಉದುರಿಸುವ ಮರ. ಎಲೆ ಉದುರಿ ನಿದ್ದೆಗೆ ಜಾರಿದ ಮೇಲೆ ಅದರ ಬಲಿತ ಕೊಂಬೆಗಳು ಸುಮಾರು ಮೈನಸ್ 10 ಡಿಗ್ರಿಯವರೆಗೆ ತಡೆದುಕೊಳ್ಳುತ್ತವೆ. ಆಗ ಅದಕ್ಕೆ ಬೆಳಕೂ ಬೇಡ, ಗೊಬ್ಬರವೂ ಬೇಡ. ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನ ಮೂಲೆ ಸಾಕು. ಕಷ್ಟ ಇರುವುದು ಬೇರೆ ಎರಡು ಕಡೆ. ಏಪ್ರಿಲ್‌ನಲ್ಲಿ ಅವಸರವಾಗಿ ಎದ್ದ ಚಿಗುರು ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಅಕ್ಟೋಬರ್‌ನಲ್ಲಿ ಗಿಡದ ತುಂಬ ಹಸಿರು ಕಾಯಿ ಇರುವಾಗಲೇ ಹಿಮ ಬಂದುಬಿಡುತ್ತದೆ. ಹೀಚು ಬಟಾಣಿ ಗಾತ್ರವಾದಾಗಿನಿಂದ ಹಣ್ಣಾಗಲು ತಳಿಗೆ ತಕ್ಕಂತೆ 80ರಿಂದ 100 ದಿನ ಬೇಕು. ನಮ್ಮಲ್ಲಿ ಹಿಮವಿಲ್ಲದ ಅವಧಿ ಮೇ ಮೊದಲ ಭಾಗದಿಂದ ಅಕ್ಟೋಬರ್ ಮಧ್ಯದವರೆಗೆ. ಈ ಲೆಕ್ಕದೊಳಗೆ ಎಲ್ಲವೂ ಮುಗಿಯಬೇಕು. ಕೆಳಗೆ ಬರೆದಿರುವ ಬಕೆಟ್, ಪೆಟ್ಟಿಗೆ, ಚಿವುಟುವಿಕೆ ಎಲ್ಲವೂ ಈ ಐದು ತಿಂಗಳನ್ನು ಹಿಗ್ಗಿಸುವ ಉಪಾಯಗಳೇ.

ಯಾವ ತಳಿ

ತಳಿಯಲ್ಲಿ ತಪ್ಪಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ತಿನ್ನುವ ಅಂಜೂರದಲ್ಲಿ ಮೂರು ಗುಂಪುಗಳಿವೆ. ಸಾಮಾನ್ಯ ಗುಂಪಿನವು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತವೆ. ಸ್ಮಿರ್ನಾ ಗುಂಪಿನವಕ್ಕೆ ಬ್ಲಾಸ್ಟೊಫಾಗಾ ಎಂಬ ಚಿಕ್ಕ ಕಣಜ ಕಾಯಿಯ ಕಣ್ಣಿನಿಂದ, ಅಂದರೆ ತುದಿಯ ಪುಟ್ಟ ತೂತಿನಿಂದ, ಒಳಗೆ ನುಗ್ಗಿ ಪರಾಗ ತಲುಪಿಸಲೇಬೇಕು, ಇಲ್ಲವಾದರೆ ಕಾಯಿ ಉದುರುತ್ತದೆ. ಸ್ಯಾನ್ ಪೆಡ್ರೊ ಗುಂಪು ನಡುವಿನದು: ಹಳೆಯ ಕೊಂಬೆಯ ಮೊದಲ ಫಸಲು ತಾನಾಗಿಯೇ ಹಣ್ಣಾಗುತ್ತದೆ, ಹೊಸ ಚಿಗುರಿನ ಎರಡನೆಯ ಫಸಲಿಗೆ ಕಣಜ ಬೇಕು. ಕ್ಯಾಲಿಫೋರ್ನಿಯಾದವರು ಆ ಕಣಜವನ್ನು ತರಿಸಿ ನೆಲೆಗೊಳಿಸಿದ್ದು 1899ರಲ್ಲಿ, ಫ್ರೆಸ್ನೊ ಬಳಿ. ಶಿಕಾಗೊದಲ್ಲಿ ಅದು ಬದುಕುವುದಿಲ್ಲ. ಆದ್ದರಿಂದ ಟರ್ಕಿಯ ಒಣ ಅಂಜೂರದ ಬೀಜ ಬಿತ್ತಿ ಹಣ್ಣಿಗೆ ಕಾಯುವ ಕೆಲಸಕ್ಕೆ ಇಳಿಯಬೇಡಿ. ಬೀಜ ಮೊಳೆಯುತ್ತದೆ, ಗಿಡವೂ ಸೊಂಪಾಗಿ ಬೆಳೆಯುತ್ತದೆ, ಹಣ್ಣಿನ ಭರವಸೆ ಮಾತ್ರ ಇರುವುದಿಲ್ಲ.

ನಮ್ಮಲ್ಲಿ ಮೊದಲ ಫಸಲನ್ನು ನಂಬುವಂತಿಲ್ಲ, ಏಕೆಂದರೆ ಅದರ ಮೊಗ್ಗುಗಳು ಹಿಂದಿನ ವರ್ಷದ ಕೊಂಬೆಯ ಮೇಲಿದ್ದು ಚಳಿಗೆ ಮೊದಲು ಬಲಿಯಾಗುತ್ತವೆ. ಸಾಮಾನ್ಯ ಗುಂಪಿನ, ಹೊಸ ಚಿಗುರಿನಲ್ಲಿ ಬೇಗ ಹಣ್ಣು ಕೊಡುವ ತಳಿಯೇ ಬೇಕು. ನಾನು ಆರಿಸಿಕೊಂಡದ್ದು ಶಿಕಾಗೊ ಹಾರ್ಡಿ, ರೋಂದ್ ದ ಬೋರ್ಡೊ ಮತ್ತು ಫ್ಲೋರಿಯಾ. ರುಚಿಯಲ್ಲಿ ರೋಂದ್ ದ ಬೋರ್ಡೊ ಎಲ್ಲಕ್ಕಿಂತ ಮೇಲು. ಬೇಗ ಬರುವುದರಲ್ಲಿ ಫ್ಲೋರಿಯಾ ಮುಂದಿದೆ, ಆದರೆ ಅದರ ಸಿಹಿ ತುಸು ಪೇಲವ. ಬ್ರೌನ್ ಟರ್ಕಿ ಎಂಬ ಹೆಸರಿನ ಗಿಡವನ್ನು ನೋಡಿ ಕೊಳ್ಳಿ. ಆ ಒಂದೇ ಚೀಟಿಯಡಿ ಬೇರೆ ಬೇರೆ ತಳಿಗಳು ಮಾರಾಟವಾಗುತ್ತವೆ, ಕೆಲವು ಇಲ್ಲಿಗೆ ತೀರಾ ತಡ.

ಶಿಕಾಗೊ ಹಾರ್ಡಿ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಕಟು ಚಳಿಗೂ ಬಗ್ಗದ ಗಿಡ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಅದರ ಅರ್ಥ, ನೆಲದ ಮೇಲಿನ ಭಾಗ ಸತ್ತರೂ ಬೇರಿನಿಂದ ಮತ್ತೆ ಚಿಗುರುತ್ತದೆ ಎಂದಷ್ಟೇ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಚಳಿ ವಲಯದ ನಕ್ಷೆಯಲ್ಲಿ ನಾವಿರುವುದು 6ಎ, ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 23ರಿಂದ ಮೈನಸ್ 21. ಅಲ್ಲಿಗೆ ಮುಚ್ಚದೆ ಬಿಟ್ಟ ಯಾವ ಅಂಜೂರದ ಕೊಂಬೆಯೂ ಉಳಿಯುವುದಿಲ್ಲ. ಬುಡದಿಂದ ಹೊಸದಾಗಿ ಎದ್ದ ಚಿಗುರು ಕಾಯಿ ಕಟ್ಟುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ. ಗಿಡ ಬದುಕಿರುತ್ತದೆ, ಹಣ್ಣು ಸಿಗುವುದಿಲ್ಲ. ಗಿಡವನ್ನು ಉಳಿಸುವುದು ಮತ್ತು ಕೊಂಬೆಯನ್ನು ಉಳಿಸುವುದು ಎರಡು ಬೇರೆ ಕೆಲಸಗಳು.

ಊರಿನಿಂದ ಬರುವಾಗ ಬಳ್ಳಾರಿಯ ತೋಟದ ಎರಡು ಕಡ್ಡಿ ತರೋಣ ಎಂಬ ಆಸೆ ನಮ್ಮವರಲ್ಲಿ ಹಲವರಿಗಿದೆ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ನೆಡುವ ಕಡ್ಡಿಯನ್ನು ಸೂಟ್‌ಕೇಸಿನಲ್ಲಿ ತರುವುದು ಇಲ್ಲಿನ ಕಾನೂನಿಗೆ ವಿರುದ್ಧ. ರೋಗ, ಕೀಟಗಳೂ ಜತೆಗೆ ಬರುತ್ತವೆ. ಬೇಗ ಹಣ್ಣಾಗುವ ತಳಿಗಳ ಕಡ್ಡಿ ಇಲ್ಲಿಯೇ ಸಿಗುವಾಗ ಆ ತಂಟೆ ಬೇಡ.

ಫೆಬ್ರುವರಿ: ಕಡ್ಡಿಗೆ ಬೇರು ಬರಿಸುವುದು

ಪೆನ್ಸಿಲ್ ದಪ್ಪದ, 15ರಿಂದ 20 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗಿಣ್ಣುಗಳಿರುವ ಕಡ್ಡಿ ಬೇಕು. ಎಲೆಯಿಲ್ಲದ, ನಿದ್ದೆಯಲ್ಲಿರುವ ಕಡ್ಡಿಯೇ ಒಳ್ಳೆಯದು. ಬಂದ ಕಡ್ಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೃದುವಾಗಿ ಉಜ್ಜಿ, ತೊಳೆದು, ಒರೆಸಿದೆ. ಬೂಷ್ಟು ಹತ್ತುವುದನ್ನು ಇದು ಬಹಳ ಮಟ್ಟಿಗೆ ತಡೆಯುತ್ತದೆ. ಕೆಳತುದಿಯನ್ನು ಗಿಣ್ಣಿನ ಸ್ವಲ್ಪ ಕೆಳಗೆ ಹೊಸದಾಗಿ ಕತ್ತರಿಸಿ, ಮೇಲಿನ ತುದಿಗೆ ಕಸಿ ಕಟ್ಟುವ ತೆಳು ಟೇಪ್ ಸುತ್ತಿದರೆ ಕಡ್ಡಿ ಒಣಗುವುದಿಲ್ಲ. ಬೇರು ಬರಿಸುವ ಹಾರ್ಮೋನ್ ಪುಡಿ ಅಂಜೂರಕ್ಕೆ ಅಗತ್ಯವಿಲ್ಲ, ನಾನು ಹಾಕಲಿಲ್ಲ.

ಮಾಧ್ಯಮವಾಗಿ ಬಳಸಿದ್ದು ತೆಂಗಿನ ನಾರಿನ ಪುಡಿ ಮತ್ತು ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲುಚೂರು, ಅಂದಾಜು ಸಮಭಾಗ. ಇಲ್ಲಿನ ಅಂಗಡಿಗಳಲ್ಲಿ ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುವ ಈ ಪುಡಿ ಬಹುಪಾಲು ಭಾರತ, ಶ್ರೀಲಂಕಾಗಳಿಂದಲೇ ಬರುತ್ತದೆ. ನಮ್ಮ ಕಡೆ ತೆಂಗಿನ ಸಿಪ್ಪೆಯನ್ನು ಬಚ್ಚಲ ಒಲೆಗೆ ಹಾಕಿ ಬೆಳೆದವನು ಅದಕ್ಕೆ ಡಾಲರ್ ಎಣಿಸುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಉಬ್ಬಿಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಒಂದೆರಡು ಹನಿಗಿಂತ ಹೆಚ್ಚು ಬೀಳದಷ್ಟು ತೇವಕ್ಕೆ ತಂದುಕೊಳ್ಳಬೇಕು. ಪಾರದರ್ಶಕ ಪ್ಲಾಸ್ಟಿಕ್ ಲೋಟದ ತಳಕ್ಕೂ ಬದಿಗೂ ತೂತು ಕೊರೆದು, ಈ ಮಿಶ್ರಣ ತುಂಬಿ, ಮೇಲಿನ ಒಂದು ಗಿಣ್ಣು ಮಾತ್ರ ಹೊರಗಿರುವಂತೆ ಕಡ್ಡಿ ಊರಿದೆ. ಲೋಟಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಬಿಸಿ ಹಾಸಿನ ಮೇಲೆ 24 ಡಿಗ್ರಿಯ ಆಸುಪಾಸಿನಲ್ಲಿ ಇರಿಸಿದೆ. ಮುಚ್ಚಳವನ್ನು ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು.

ಈಗ ಬರುವುದು ಹೊಸಬರ ಕೈಯಲ್ಲಿ ಹೆಚ್ಚಿನ ಕಡ್ಡಿಗಳು ಸಾಯುವ ಘಟ್ಟ. ಎರಡು ಮೂರು ವಾರಗಳಲ್ಲಿ ತುದಿಯಲ್ಲಿ ಚೆಂದದ ಹಸಿರು ಎಲೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಬೇರು ಒಂದೂ ಇರುವುದಿಲ್ಲ. ಆ ಎಲೆ ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದ ಬಂದದ್ದು. ಗಿಡ ಹತ್ತಿತು ಎಂದು ಹಿಗ್ಗಿ ನೀರು ಹಾಕಿದರೆ ಕೆಳಗಿನ ತೊಗಟೆ ಕೊಳೆತು ಕಪ್ಪಗಾಗುತ್ತದೆ. ಲೋಟ ಪಾರದರ್ಶಕವಾಗಿರಬೇಕು ಎಂದದ್ದು ಇದಕ್ಕೇ: ಬಿಳಿ ಬೇರು ಬದಿಯಲ್ಲಿ ಹರಿದಾಡುವುದು ಕಣ್ಣಿಗೆ ಕಾಣುವವರೆಗೆ ನೀರು ಹಾಕಬಾರದು. ಲೋಟವನ್ನು ಕೈಯಲ್ಲಿ ಎತ್ತಿ ಭಾರ ನೋಡುವ ಅಭ್ಯಾಸ ಮಾಡಿಕೊಂಡರೆ ತೇವ ಎಷ್ಟಿದೆ ಎಂದು ತಿಳಿಯುತ್ತದೆ. ಅತಿ ತೇವದಲ್ಲಿ ಸಣ್ಣ ಕಪ್ಪು ನೊಣಗಳೂ ಹುಟ್ಟುತ್ತವೆ. ಹಳದಿ ಅಂಟು ಕಾಗದ ನೇತುಹಾಕಿ, ಮೇಲ್ಪದರ ಒಣಗಲು ಬಿಟ್ಟರೆ ಅವು ಕಡಿಮೆಯಾಗುತ್ತವೆ.

ಬೇರು ಲೋಟ ತುಂಬಿದ ಮೇಲೆ ಒಂದು ಗ್ಯಾಲನ್ ಕುಂಡಕ್ಕೆ, ಜೂನ್‌ನಲ್ಲಿ ಬಕೆಟ್ಟಿಗೆ. ತರಿಸಿದ ಕಡ್ಡಿಗಳಲ್ಲಿ ಒಂದರ ಎಲೆ ನೋಡಿದಾಗಲೇ ಅದು ಚೀಟಿಯಲ್ಲಿದ್ದ ತಳಿಯಲ್ಲ ಎಂಬುದು ಗೊತ್ತಾಯಿತು. ಕಳುಹಿಸಿದವರು ಹಣ ಹಿಂತಿರುಗಿಸಿದರು. ಅಂಜೂರದ ವ್ಯಾಪಾರದಲ್ಲಿ ಹೆಸರು ಅದಲುಬದಲಾಗುವುದು ಹೊಸದೇನಲ್ಲ.

ಎರಡು ಬಕೆಟ್‌ಗಳ ಕುಂಡ

ಜುಲೈ ಬಿಸಿಲಿನಲ್ಲಿ ಅಂಜೂರ ಕುಡಿಯುವ ನೀರು ನೋಡಿದರೆ ಯಾರೂ ಅದನ್ನು ಬಯಲುಸೀಮೆಯ ಗಿಡ ಎನ್ನಲಾರರು. ಅದರ ಎಲೆ ಅಗಲ, ಕುಂಡದ ಮಣ್ಣು ಸ್ವಲ್ಪ. ಕಾಯಿ ಕಟ್ಟಿದ ಮೇಲೆ ಒಮ್ಮೆ ಪೂರ್ತಿ ಒಣಗಿದರೆ ಗಿಡ ಕಾಯಿಗಳನ್ನು ಉದುರಿಸುತ್ತದೆ, ಅಲ್ಲಿಗೆ ಆ ವರ್ಷದ ಲೆಕ್ಕ ಚುಕ್ತಾ. ಕಚೇರಿಗೆ ಹೋಗುವವರಿಗೆ ದಿನಕ್ಕೆ ಎರಡು ಸಲ ನೀರು ಹಾಕುವುದು ಆಗದ ಮಾತು. ಅದಕ್ಕೆ ಕೆಳಗಿನಿಂದ ನೀರು ಹೀರುವ ಕುಂಡ ಕಟ್ಟಿದೆ.

ಬೇಕಾದದ್ದು ಒಂದರೊಳಗೊಂದು ಕೂರುವ, 5 ಗ್ಯಾಲನ್ ಅಂದರೆ ಸುಮಾರು 19 ಲೀಟರಿನ ಎರಡು ಬಕೆಟ್. ತಳದ ಮರುಬಳಕೆ ಗುರುತಿನ ತ್ರಿಕೋನದಲ್ಲಿ 2 ಎಂದಿರುವ ಆಹಾರ ತುಂಬುವ ಬಕೆಟ್ ಒಳ್ಳೆಯದು. ಬೇಕರಿ, ಉಪಾಹಾರಗೃಹಗಳಲ್ಲಿ ಕೇಳಿದರೆ ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತವೆ, ಸೌತೆಕಾಯಿ ಉಪ್ಪಿನಕಾಯಿಯ ವಾಸನೆ ಮಾತ್ರ ವಾರಗಟ್ಟಲೆ ಹೋಗುವುದಿಲ್ಲ. ಜತೆಗೆ ಅರ್ಧ ಲೀಟರಿನ ಮೊಸರಿನ ಡಬ್ಬ ಒಂದು, ಒಂದು ಇಂಚಿನ ಪಿವಿಸಿ ಕೊಳವೆ ಅಂದಾಜು 60 ಸೆಂಟಿಮೀಟರ್, ಮತ್ತು ಡ್ರಿಲ್.

ಒಳಗಿನ ಬಕೆಟ್‌ನ ತಳದ ನಟ್ಟನಡುವೆ ಮೊಸರಿನ ಡಬ್ಬ ಕಂಠದವರೆಗೆ ಇಳಿದು ನಿಲ್ಲುವಷ್ಟು ದೊಡ್ಡ ವೃತ್ತ ಕೊರೆಯಬೇಕು. ಅದರ ಸುತ್ತ 6 ಮಿಲಿಮೀಟರಿನ ತೂತುಗಳನ್ನು ಧಾರಾಳವಾಗಿ ಹಾಕಬೇಕು, ಬೇರಿಗೆ ಗಾಳಿ ಬರುವುದು ಅಲ್ಲಿಂದಲೇ. ಅಂಚಿಗೆ ಕೊಳವೆ ತೂರುವ ಇನ್ನೊಂದು ತೂತು. ಡಬ್ಬದ ಮೈಗೆಲ್ಲ ತೂತು ಹೊಡೆದು ಅದನ್ನು ವೃತ್ತದಲ್ಲಿ ಕೂರಿಸಿದರೆ ಅದು ಕೆಳಗಿನ ನೀರಿನಲ್ಲಿ ನಿಲ್ಲುತ್ತದೆ. ಅದರಲ್ಲಿ ಒತ್ತಿ ತುಂಬಿದ ಮಿಶ್ರಣ ನೀರನ್ನು ಮೇಲಕ್ಕೆ ಎಳೆಯುತ್ತದೆ. ಕೊಳವೆಯ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಅದು ತಳಕ್ಕೆ ಅಂಟಿ ಕೂತು ನೀರು ಇಳಿಯುವುದೇ ಇಲ್ಲ.

ಹೊರಗಿನ ಬಕೆಟ್‌ನಲ್ಲಿ ಇರುವುದು ಒಂದೇ ತೂತು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೆಚ್ಚಾದ ನೀರು ಹೊರಹೋಗುವ ದಾರಿ ಅದು. ಎರಡನ್ನೂ ಒಂದರೊಳಗೊಂದು ಕೂರಿಸಿ, ಬಿಸಿಲಿಗೆ ಎತ್ತಿ ಹಿಡಿದರೆ ಒಳಗಿನ ತಳ ಎಲ್ಲಿದೆ ಎಂಬ ನೆರಳು ಹೊರಗೆ ಕಾಣುತ್ತದೆ. ಅದಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ ಗುರುತು ಹಾಕಿ ಕೊರೆಯಬೇಕು. ಆಗ ನೀರಿಗೂ ಒಳತಳಕ್ಕೂ ನಡುವೆ ಗಾಳಿಯ ಪದರ ಉಳಿಯುತ್ತದೆ. ಮೇಲೆ ಕೊರೆದರೆ ಮಣ್ಣು ನೀರಿನಲ್ಲಿ ನಿಂತು ಬೇರು ಕೊಳೆಯುತ್ತದೆ. ನಿಮ್ಮ ಬಕೆಟ್‌ಗಳು ತಳಕ್ಕೆ ತಳ ತಾಗುವಂತೆ ಕೂರುವುದಾದರೆ ನಡುವೆ ದಪ್ಪ ಕೊಳವೆಯ ಮೂರು ತುಂಡುಗಳನ್ನು ನಿಲ್ಲಿಸಿ ಅಂತರ ಮಾಡಿಕೊಳ್ಳಿ.

ಮಿಶ್ರಣದ ವಿಷಯದಲ್ಲಿ ಒಂದು ಗೊಂದಲವಿದೆ. ಕುಂಡದ ಅಂಜೂರಕ್ಕೆ ಐದು ಪಾಲು ಪೈನ್ ತೊಗಟೆಯ ಚೂರು, ಒಂದು ಪಾಲು ಪೀಟ್ (ಜೌಗಿನಲ್ಲಿ ಕೊಳೆತ ಪಾಚಿಯ ಪುಡಿ), ಒಂದು ಪಾಲು ಪರ್ಲೈಟ್ ಎಂಬ ಸೂತ್ರ ಬಹಳ ಪ್ರಸಿದ್ಧ. ಮೇಲಿನಿಂದ ನೀರು ಹಾಕುವ ಕುಂಡಕ್ಕೆ ಅದು ಸರಿ. ಈ ಬಕೆಟ್ಟಿಗೆ ಅದು ಒಗ್ಗುವುದಿಲ್ಲ, ಏಕೆಂದರೆ ತೊಗಟೆ ಚೂರು ನೀರನ್ನು ಮೇಲಕ್ಕೆ ಎಳೆಯುವುದಿಲ್ಲ. ಇಲ್ಲಿ ಪೀಟ್ ಅಥವಾ ನಾರಿನ ಪುಡಿ ಹೆಚ್ಚಿರುವ ಮಿಶ್ರಣಕ್ಕೆ ನಾಲ್ಕರಲ್ಲಿ ಒಂದು ಪಾಲು ಪರ್ಲೈಟ್ ಸೇರಿಸಿದರೆ ಸಾಕು. ಪೀಟ್ ಹುಳಿಯಾದ್ದರಿಂದ ಬಕೆಟ್ಟಿಗೆ ಎರಡು ಮೂರು ಚಮಚ ಡೋಲೊಮೈಟ್ ಸುಣ್ಣವನ್ನೂ ಬೆರೆಸಿದೆ. ಹಿತ್ತಲಿನ ಮಣ್ಣನ್ನು ಯಾವುದೇ ಕುಂಡಕ್ಕೆ ತುಂಬಬೇಡಿ. ನಮ್ಮ ಭಾಗದ ಜೇಡಿ ಕುಂಡದಲ್ಲಿ ಗಟ್ಟಿಯಾಗಿ ಸಿಮೆಂಟಿನಂತಾಗುತ್ತದೆ.

ಮೇಲ್ಭಾಗವನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಿಡದ ಬುಡಕ್ಕೆ ಒಂದು ಸೀಳು ಬಿಟ್ಟೆ. ನೀರು ಆವಿಯಾಗುವುದು ಕಡಿಮೆ, ಮಣ್ಣೂ ಬೇಗ ಬಿಸಿಯಾಗುತ್ತದೆ. ಇಲ್ಲಿನ ಮೇ ತಿಂಗಳಿನಲ್ಲಿ ಗಾಳಿಯ ಬಿಸಿಗಿಂತ ಬೇರಿನ ಬಿಸಿ ಮುಖ್ಯ. ಕಾಂಕ್ರೀಟ್ ಡ್ರೈವ್‌ವೇ ನಮ್ಮ ಅಂಗಳದಲ್ಲಿ ಅತಿ ಬಿಸಿಯಾದ ಜಾಗ, ಆದ್ದರಿಂದ ಬಕೆಟ್‌ಗಳು ಅಲ್ಲಿಯೇ ನಿಂತವು. ಬಡಾವಣೆಯ ಸಂಘದಿಂದ ಒಂದು ಸೌಮ್ಯವಾದ ಪತ್ರ ಬಂತು. ಮನೆಯ ಬದಿಗೆ ಎರಡು ಮೀಟರ್ ಸರಿಸಿದ ಮೇಲೆ ಅದೂ ಸುಮ್ಮನಾಯಿತು.

ಬೇಸಿಗೆ

ಜೂನ್‌ನಿಂದ ಜುಲೈ ಕೊನೆಯವರೆಗೆ ಗೊಬ್ಬರ, ಆಮೇಲೆ ಸಾರಜನಕ ಬಂದ್. ಆಗಸ್ಟ್‌ನಲ್ಲೂ ಸಾರಜನಕ ಕೊಟ್ಟರೆ ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆ, ಕೊಂಬೆ ಬಲಿಯುವುದಿಲ್ಲ, ಬಲಿಯದ ಕೊಂಬೆ ಚಳಿಯಲ್ಲಿ ಉಳಿಯುವುದಿಲ್ಲ.

ಕುಡಿ ಚಿವುಟುವುದು ಐದು ತಿಂಗಳ ಲೆಕ್ಕದಲ್ಲಿ ಕೈಗೆ ಸಿಗುವ ಅತಿ ಅಗ್ಗದ ಸಾಧನ. ಹೊಸ ಚಿಗುರು ಐದಾರು ಎಲೆ ಬಿಟ್ಟ ಮೇಲೆ ತುದಿಯನ್ನು ಉಗುರಿನಿಂದ ಚಿವುಟಿದರೆ ಗಿಡ ಉದ್ದ ಬೆಳೆಯುವುದನ್ನು ನಿಲ್ಲಿಸಿ ಎಲೆಯ ಬುಡದಲ್ಲಿ ಹೀಚು ಹೊರಡಿಸುತ್ತದೆ. ಇದನ್ನು ಜೂನ್‌ನಲ್ಲಿ ಮುಗಿಸಿದರೆ ಸೆಪ್ಟೆಂಬರ್‌ನಲ್ಲಿ ಹಣ್ಣು. ಜುಲೈ ಕೊನೆಗೆ ತಳ್ಳಿದರೆ ಕಾಯಿಗಳನ್ನು ನೋಡಿ ತೃಪ್ತಿಪಡಬೇಕು. ಅದೇ ಕಾರಣಕ್ಕೆ ಆಗಸ್ಟ್ ಮಧ್ಯದ ನಂತರ ಮೂಡುವ ಹೀಚುಗಳನ್ನು ಕರುಣೆಯಿಲ್ಲದೆ ಕಿತ್ತುಹಾಕಬೇಕು.

ಚಿವುಟುವಾಗ ಒಸರುವ ಬಿಳಿ ಸೊನೆಯ ಬಗ್ಗೆ ಎಚ್ಚರವಿರಲಿ. ಅದರಲ್ಲಿರುವ ಫ್ಯೂರೊಕೂಮರಿನ್ ಎಂಬ ವಸ್ತುಗಳು ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಬೊಬ್ಬೆ ಏಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಹಾಕಿ, ಸಂಜೆ ಹೊತ್ತು ಮಾಡುವುದು ಕ್ಷೇಮ.

ಅಂಜೂರದ ಕಾಯಿ ಬೆಳೆಯುವ ರೀತಿ ಹೊಸಬರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಮೊದಲು ಬೇಗ ಬೇಗ ದಪ್ಪವಾಗುತ್ತದೆ. ನಂತರ ವಾರಗಟ್ಟಲೆ ಒಂದಿಷ್ಟೂ ಬದಲಾಗದೆ ಕಲ್ಲಿನ ಹಾಗೆ ಕೂತುಬಿಡುತ್ತದೆ. ಕೊನೆಯ ಕೆಲವೇ ದಿನಗಳಲ್ಲಿ ಉಬ್ಬಿ, ಬಣ್ಣ ತಿರುಗಿ, ತೊಟ್ಟು ಬಾಗಿ ಕೆಳಗೆ ಜೋತುಬೀಳುತ್ತದೆ. ಜೋತುಬೀಳುವ ಮೊದಲು ಕೀಳಬಾರದು. ಬಾಳೆ, ಮಾವುಗಳಂತೆ ಅಂಜೂರವನ್ನು ಕಾಯಿ ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಲು ಬರುವುದಿಲ್ಲ, ದೋರಗಾಯಿ ಕಿತ್ತರೆ ಮೆತ್ತಗಾದೀತು, ಸಿಹಿಯಾಗದು. ಸಿಪ್ಪೆಯಲ್ಲಿ ಸಣ್ಣ ಬಿರುಕು, ಕಣ್ಣಿನಲ್ಲಿ ಜೇನಿನಂಥ ಹನಿ ಕಂಡ ದಿನ ಕೀಳಬೇಕು. ಮರುದಿನಕ್ಕೆ ಬಿಟ್ಟರೆ ಇರುವೆ, ಕಣಜ, ಹಕ್ಕಿಗಳ ಪಾಲು. ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುವ ಬಲೆಬಟ್ಟೆಯ ಪುಟ್ಟ ಚೀಲಗಳನ್ನು ಒಂದೊಂದು ಹಣ್ಣಿಗೂ ಕಟ್ಟಿದೆ, ಚೆನ್ನಾಗಿ ಕೆಲಸ ಮಾಡಿದವು.

ಸೆಪ್ಟೆಂಬರ್ ಕೊನೆಗೆ ಉಳಿದ ದೊಡ್ಡ ಕಾಯಿಗಳಿಗೆ ಮೆಡಿಟರೇನಿಯನ್ ಕಡೆಯ ಹಳೆಯ ಉಪಾಯವೊಂದಿದೆ: ಕಾಯಿಯ ಕಣ್ಣಿಗೆ ಒಂದು ಹನಿ ಆಲಿವ್ ಎಣ್ಣೆ ಸವರುವುದು. ಇದು ಎಥಿಲೀನ್ ಅನಿಲವನ್ನು ಎಬ್ಬಿಸಿ ಹಣ್ಣಾಗುವುದನ್ನು ಬೇಗ ಮಾಡುತ್ತದೆ. ಕಲ್ಲಿನಂತೆ ಕೂತ ಘಟ್ಟ ಮುಗಿಯುತ್ತ ಬಂದ ಕಾಯಿಗೆ ಮಾತ್ರ ಇದು ಹತ್ತುತ್ತದೆ. ರುಚಿ ತಾನಾಗಿ ಹಣ್ಣಾದದ್ದಕ್ಕೆ ಸಮವಲ್ಲ. ಹಿಮಕ್ಕೆ ಕೊಡುವುದಕ್ಕಿಂತ ಮೇಲು.

ಗ್ಯಾರೇಜಿನ ಮೂಲೆ

ಎಲೆಯೆಲ್ಲ ಉದುರುವವರೆಗೆ, ಒಂದೆರಡು ಹಗುರ ಹಿಮದ ರಾತ್ರಿಗಳಾದರೂ ಸರಿ, ಗಿಡವನ್ನು ಹೊರಗೇ ಬಿಡಬೇಕು. ಅದಕ್ಕೆ ಚಳಿಗಾಲ ಬಂತೆಂದು ತಿಳಿಯುವುದು ಹಾಗೆಯೇ. ಮೈನಸ್ 3ಕ್ಕಿಂತ ಕೆಳಗಿಳಿಯುವ ಮುನ್ಸೂಚನೆ ಬಂದ ದಿನ ಒಳಗೆ ತರುತ್ತೇನೆ. ಅದಕ್ಕೆ ಮುಂಚೆ ಹೊರಗಿನ ಬಕೆಟ್‌ನ ನೀರನ್ನು ಪೂರ್ತಿ ಬಸಿಯಬೇಕು, ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಬಕೆಟ್ಟನ್ನು ಸೀಳುತ್ತದೆ.

ಬಕೆಟ್‌ಗಳು ಮನೆಯ ಗೋಡೆಗೆ ಒತ್ತಿಕೊಂಡು, ಫೋಮ್ ಹಾಳೆಯ ತುಂಡಿನ ಮೇಲೆ ನಿಲ್ಲುತ್ತವೆ. ಬರಿ ಕಾಂಕ್ರೀಟ್ ನೆಲ ಬೇರಿನ ಶಾಖವನ್ನು ಎಳೆದುಕೊಳ್ಳುತ್ತದೆ, ಕುಂಡದ ಬೇರು ಕೊಂಬೆಗಿಂತ ಸೂಕ್ಷ್ಮ. ತಿಂಗಳಿಗೊಮ್ಮೆ ಒಂದು ಲೋಟ ನೀರು. ಕನಿಷ್ಠ, ಗರಿಷ್ಠ ಎರಡನ್ನೂ ದಾಖಲಿಸುವ ಅಗ್ಗದ ತಾಪಮಾಪಕ ಇಟ್ಟುಕೊಳ್ಳಿ. ಹೆಚ್ಚು ನೋಡಬೇಕಾದದ್ದು ಗರಿಷ್ಠದ ಕಡೆಗೆ. 7 ಡಿಗ್ರಿಗಿಂತ ಕೆಳಗಿದ್ದರೆ ಗಿಡ ಮಲಗಿರುತ್ತದೆ, ಮೇಲೆ ನಿಂತರೆ ಕತ್ತಲೆಯಲ್ಲಿಯೇ ಬಿಳಿಚಿದ ಚಿಗುರು ಬಿಡಲು ಶುರುಮಾಡುತ್ತದೆ. ಮನೆಯೊಳಗಿನ ಬೆಚ್ಚಗಿನ ಕೋಣೆಗೆ ತಂದಿಡಬಾರದು ಎನ್ನುವುದು ಇದಕ್ಕೆ.

ನೆಲದಲ್ಲಿ ನೆಟ್ಟ ಗಿಡಕ್ಕೆ ಫೋಮ್ ಪೆಟ್ಟಿಗೆ

ಒಂದು ಶಿಕಾಗೊ ಹಾರ್ಡಿಯನ್ನು ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಬುಡದಲ್ಲಿ ನೆಟ್ಟೆ. ನಮ್ಮ ಬೀದಿಯಲ್ಲಿ ಸಿಸಿಲಿ ಮೂಲದ ಹಿರಿಯರೊಬ್ಬರಿದ್ದಾರೆ. ಅವರದು ಇಟಲಿಯಿಂದ ವಲಸೆ ಬಂದವರ ಹಳೆಯ ಪದ್ಧತಿ: ಒಂದು ಬದಿಯ ಬೇರುಗಳನ್ನು ಗುದ್ದಲಿಯಿಂದ ಕಡಿದು, ಇಡೀ ಮರವನ್ನು ಅಗೆದ ಕಾಲುವೆಗೆ ಬಗ್ಗಿಸಿ ಮಲಗಿಸಿ, ಮೇಲೆ ಹಲಗೆ, ಎಲೆ, ಮಣ್ಣು. ಕೆಲಸ ಗಟ್ಟಿ, ಆದರೆ ನಡು ಬಗ್ಗಿಸುವ ಶಕ್ತಿ ಬೇಕು. ಕೋಳಿಜಾಲರಿಯ ಪಂಜರ ಕಟ್ಟಿ ಒಣಗಿದ ಓಕ್ ಎಲೆ ತುಂಬುವವರೂ ಇದ್ದಾರೆ. ಮೇಪಲ್ ಎಲೆ ನೆನೆದು ಅಟ್ಟೆಗಟ್ಟುವುದರಿಂದ ಅದಕ್ಕೆ ಬರುವುದಿಲ್ಲ.

ನಾನು ಮೂರನೆಯ ದಾರಿ ಹಿಡಿದೆ. ಎಳೆಯ ಕಾಂಡವನ್ನು ನೆಲದಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಬಗ್ಗಿಸಿ, ಗೋಡೆಗೆ ಸಮಾನಾಂತರವಾಗಿ ಅಡ್ಡಲಾಗಿ ಕಟ್ಟಿದೆ. ಆ ಅಡ್ಡತೋಳಿನಿಂದ ಪ್ರತಿ ವರ್ಷ ನೇರವಾಗಿ ಚಿಗುರುಗಳು ಏಳುತ್ತವೆ, ಹಣ್ಣು ಅವುಗಳಲ್ಲಿ. ನವೆಂಬರ್‌ನಲ್ಲಿ ಚಿಗುರುಗಳನ್ನು ಎರಡು ಮೊಗ್ಗು ಬಿಟ್ಟು ಕತ್ತರಿಸಿದರೆ ಚಳಿಯಿಂದ ಕಾಪಾಡಬೇಕಾದದ್ದು ನೆಲಕ್ಕೆ ಅಂಟಿಕೊಂಡ ಆ ಒಂದು ತೋಳು ಮಾತ್ರ.

ಪೆಟ್ಟಿಗೆಗೆ ಕಟ್ಟಡದವರು ಬಳಸುವ 5 ಸೆಂಟಿಮೀಟರ್ ದಪ್ಪದ ಗಟ್ಟಿ ಫೋಮ್ ಹಾಳೆ ತಂದೆ, ಅಳತೆ 2.4 ಮೀಟರ್ ಉದ್ದ, 1.2 ಮೀಟರ್ ಅಗಲ. ಉದ್ದಕ್ಕೆ ಮೂರು ಪಟ್ಟಿ ಸೀಳಿದರೆ ತಲಾ 40 ಸೆಂಟಿಮೀಟರ್. ಒಂದು ಮುಚ್ಚಳ, ಒಂದು ಮುಂಭಾಗ, ಮೂರನೆಯದರಿಂದ ಎರಡು ಬದಿ. ಹಿಂಭಾಗಕ್ಕೆ ಮನೆಯ ಗೋಡೆಯೇ ಇದೆ, ಹೀಗಾಗಿ ಒಂದೇ ಹಾಳೆಯಲ್ಲಿ ಎಲ್ಲ ಮುಗಿಯಿತು. ಮುಂಭಾಗವನ್ನು ಐದು ಸೆಂಟಿಮೀಟರ್ ಗಿಡ್ಡ ಮಾಡಿ ಮುಚ್ಚಳಕ್ಕೆ ಇಳಿಜಾರು ಕೊಟ್ಟೆ, ಕರಗಿದ ಹಿಮ ಜಾರಿಹೋಗಲಿ ಎಂದು. ಉದ್ದ ಸ್ಕ್ರೂಗೆ ಅಗಲ ವಾಷರ್ ಹಾಕಿ ಜೋಡಿಸಿ, ಸಂದುಗಳಿಗೆ ಟೇಪ್ ಸುತ್ತಿ, ಹೊರಮೈಗೆ ಬಿಳಿ ಬಣ್ಣ ಬಳಿದೆ. ಬಿಸಿಲಿಗೆ ಫೋಮ್ ಪುಡಿಯಾಗದಿರಲು ಬಣ್ಣ ಬೇಕು, ಫೆಬ್ರುವರಿಯ ಬಿಸಿಲನ್ನು ಹಿಂದಕ್ಕೆ ತಳ್ಳಲು ಬಿಳಿಯೇ ಬೇಕು. ಮುಚ್ಚಳದ ಮೇಲೆ ಇಟ್ಟಿಗೆ.

ಪೆಟ್ಟಿಗೆಗೆ ತಳವಿಲ್ಲ, ಇರಲೂಬಾರದು. ಒಳಗೆ ಶಾಖ ಬರುವುದು ನೆಲದಿಂದ. ಇಲ್ಲಿ ಮನೆಯ ಅಡಿಪಾಯವನ್ನು 42 ಇಂಚು ಆಳಕ್ಕೆ ಇಳಿಸುತ್ತಾರೆ, ನೆಲ ಹೆಪ್ಪುಗಟ್ಟುವುದು ಅಲ್ಲಿಯವರೆಗೆ ಎಂಬ ಲೆಕ್ಕದಲ್ಲಿ. ಅದರ ಕೆಳಗೆ ಉಳಿದ ಬೇಸಿಗೆಯ ಬಿಸಿ ನಿಧಾನವಾಗಿ ಮೇಲೇರುತ್ತದೆ, ಫೋಮ್ ಅದನ್ನು ಹಿಡಿದಿಡುತ್ತದೆ. ಹೊರಗೆ ಮೈನಸ್ 20ರ ಸಮೀಪ ಇದ್ದ ರಾತ್ರಿಯಲ್ಲೂ ಒಳಗಿನ ತಾಪಮಾಪಕ ಮೈನಸ್ 6ಕ್ಕಿಂತ ಕೆಳಗಿಳಿಯಲಿಲ್ಲ.

ಇಲಿಗಳಿಗೆ ಇಷ್ಟು ಚೆಂದದ ಬೆಚ್ಚಗಿನ ಮನೆ ಬೇರೆಲ್ಲೂ ಸಿಗದು. ಹಿಮದಡಿಯಲ್ಲಿ ಓಡಾಡುವ ಕಾಡಿಲಿಗಳು ತೊಗಟೆಯನ್ನು ಸುತ್ತಲೂ ತಿಂದರೆ ತೋಳು ಅಲ್ಲಿಂದ ಮುಂದಕ್ಕೆ ಸತ್ತಂತೆ. ಕಾಂಡಕ್ಕೂ ತೋಳಿಗೂ 6 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿ ಸುತ್ತಿ, ಒಳಗೆ ಎರಡು ಬೋನು ಇಟ್ಟೆ. ಒಣ ಎಲೆ, ಹುಲ್ಲು ತುಂಬದೆ ಪೆಟ್ಟಿಗೆಯನ್ನು ಖಾಲಿ ಬಿಟ್ಟದ್ದೂ ಇಲಿ ಗೂಡು ಕಟ್ಟದಿರಲೆಂದೇ.

ಏಪ್ರಿಲ್

ಮಾರ್ಚ್ ಕೊನೆಯಿಂದ ನಿಜವಾದ ಕಾವಲು ಶುರು. ಹೊರಗೆ 10 ಡಿಗ್ರಿ ಇದ್ದು ಬಿಸಿಲು ಬಿದ್ದರೆ ಪೆಟ್ಟಿಗೆಯೊಳಗೆ 20 ದಾಟುತ್ತದೆ. ಬೆಳಿಗ್ಗೆ ಮುಚ್ಚಳ ಎತ್ತಿ ಇಟ್ಟಿಗೆಯ ಆಸರೆ ಕೊಟ್ಟು, ಸಂಜೆ ಮುಚ್ಚಬೇಕು. ಮೊಗ್ಗು ಎಷ್ಟು ತಡವಾಗಿ ಬಿಚ್ಚಿದರೆ ಅಷ್ಟು ಒಳ್ಳೆಯದು. ನಿದ್ದೆಯಲ್ಲಿ ಮೈನಸ್ 10 ತಡೆದ ಗಿಡ ಒಮ್ಮೆ ಚಿಗುರಿದರೆ ಮೈನಸ್ 1ಕ್ಕೇ ಸೋಲುತ್ತದೆ.

ಬಕೆಟ್ ಗಿಡಗಳಿಗೆ ಇದಕ್ಕೆ ತಿರುಗುಮುರುಗಾದ ತಂತ್ರ, ಏಕೆಂದರೆ ಅವನ್ನು ಎತ್ತಿ ಒಳಗಿಡಬಹುದು. ಏಪ್ರಿಲ್ ಮಧ್ಯದಿಂದಲೇ ಹಗಲು ಹೊರಗೆ, ರಾತ್ರಿ 4 ಡಿಗ್ರಿಗಿಂತ ಕೆಳಗಿಳಿಯುವಂತಿದ್ದರೆ ಒಳಗೆ. ಚಕ್ರದ ಹಲಗೆಯೊಂದು ಮಾಡಿಕೊಂಡೆ, ತೇವದ ಬಕೆಟ್ 15 ಕಿಲೋಗಿಂತ ಹೆಚ್ಚು ತೂಗುತ್ತದೆ. ಆ ಸಮಯಕ್ಕೆ ಊರಿನಿಂದ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, “ಅದಕ್ಕೆ ನೀರು ಕಾಯಿಸಿ ಎಣ್ಣೆ ಹಚ್ಚುವುದೊಂದು ಬಾಕಿ ಇದೆ ನಿನಗೆ” ಎಂದರು. ಆದರೆ ಈ ಎತ್ತಾಟದಿಂದ ಸಿಗುವ ನಾಲ್ಕು ವಾರಗಳೇ ಸೆಪ್ಟೆಂಬರ್ ಹಣ್ಣಿಗೂ ಅಕ್ಟೋಬರ್ ಕಾಯಿಗೂ ಇರುವ ವ್ಯತ್ಯಾಸ. ಮೊದಲ ವಾರ ನೆರಳಿನಲ್ಲಿಯೇ ಇಡಬೇಕು. ಒಳಗೆ ಬಿಚ್ಚಿದ ಎಲೆ ನೇರ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬೆಂದು ಬಿಳಿಯಾಗುತ್ತದೆ.

ಇಲ್ಲಿನ ತೋಟಗಾರರು ಮೇ ಎರಡನೆಯ ಭಾನುವಾರದ ತಾಯಂದಿರ ದಿನವನ್ನು ಗಡುವಾಗಿ ಹಿಡಿಯುತ್ತಾರೆ. ಪೆಟ್ಟಿಗೆಯನ್ನು ಬಿಚ್ಚಿ ಅಟ್ಟಕ್ಕೆ ಏರಿಸುವುದು ಆ ಭಾನುವಾರದ ನಂತರವೇ. ಆಗ ತೋಳಿನ ಉದ್ದಕ್ಕೂ ಅಲ್ಲಲ್ಲಿ ತೊಗಟೆಯನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಹಸಿರು ಕಂಡರೆ ಜೀವವಿದೆ, ಕಂದು ಬಣ್ಣವಿದ್ದರೆ ಹಸಿರು ಸಿಗುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಈ ಸಲ ತುದಿಯ ಒಂದು ಗೇಣು ಮಾತ್ರ ಹೋಗಿತ್ತು.

ಮುಂದಿನ ಚಳಿಗಾಲಕ್ಕೆ ಮುಚ್ಚಳಕ್ಕೆ ಕೀಲು ಹಾಕಿ, ಬಿಸಿಯಾದಾಗ ತಾನೇ ತೆರೆದುಕೊಳ್ಳುವ ಹಸಿರುಮನೆಯ ಮೇಣದ ಪಿಸ್ಟನ್ ಕೂರಿಸಬೇಕೆಂದಿದ್ದೇನೆ. ಅದಕ್ಕೆ ವಿದ್ಯುತ್ ಬೇಡ, ಮೇಣ ಹಿಗ್ಗಿದಾಗ ದಂಡ ಮುಚ್ಚಳವನ್ನು ಎತ್ತುತ್ತದೆ. ನವೆಂಬರ್‌ನಲ್ಲಿ ಕತ್ತರಿಸಿದ ಕಡ್ಡಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಖಾನೆಯಲ್ಲಿಡುತ್ತೇನೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳುಬೆಲ್ಲದ ಪೊಟ್ಟಣದ ಜತೆ ಅವನ್ನೂ ಹಂಚುವ ಯೋಚನೆಯಿದೆ. ಕೊಡುವಾಗ ಪಾರದರ್ಶಕ ಲೋಟ ಕೊಳ್ಳಲು ಹೇಳುತ್ತೇನೆ.